ಮೊದಲನೇ ಕಾರು ಹಳೇದ ಇರ್ಲಿ, ಚಾವಿ ನಮ್ಮ ಕೈಯಾಗ ಇರ್ಲಿ

ನಮ್ಮ ಓಣ್ಯಾಗ ಏಳು ಮನಿ ಮುಂದ ಕಾರು ನಿಂತಾವ. ಏಳೂ ಮನ್ಯಾಗ ಒಬ್ಬರಾದ್ರೂ ಹೆಣ್ಮಕ್ಕಳ ಹತ್ರ ಲೈಸನ್ಸ್ ಅದ. ಆದ್ರ ಕಾಯಿಪಲ್ಯೆ ತರ್ಲಿಕ್ಕೆ, ಹುಡುಗರನ್ನ ಟ್ಯೂಷನ್ನಿಗೆ ಬಿಡ್ಲಿಕ್ಕೆ, ಅತ್ತಿಯವರನ್ನ ದವಾಖಾನಿಗೆ ಕರಕೊಂಡ ಹೋಗ್ಲಿಕ್ಕೆ ತಾವ ಸ್ಟೇರಿಂಗ್ ಹಿಡಿಯೋರು ಇಬ್ಬರ. ಆ ಇಬ್ಬರ ಮನ್ಯಾಗೂ ಇರೋದು ಸೆಕೆಂಡ್ ಹ್ಯಾಂಡ್ ತಗೊಂಡ ಹಳೇ ಗಾಡಿ. ಉಳದ ಐದು ಮನಿಯವರು, ಹೊಸಾ ಕಾರು ಇಟಗೊಂಡೋರು, ಇನ್ನೂ ಮೂಲ್ಯಾಗ ನಿಂತು ರಿಕ್ಷಾಕ್ಕ ಕೈ ಮಾಡ್ತಾರ, ಇಲ್ಲಾಂದ್ರ "ಇವರು ಆಫೀಸಿನಿಂದ ಬರ್ಲಿ, ಆಮ್ಯಾಲೆ ಹೋಗೋಣ" ಅಂತ ಕಾಯ್ತಾರ. ಇದು ಸುಮ್ನ ಹಂಗ ಕೂಡಿ ಬಂದದ್ದು ಅಂತ ಯಾರರೆ ಹೇಳಿದ್ರ ನಾ ಒಪ್ಪಂಗಿಲ್ಲ.

ಅದಕ್ಕ ಇವತ್ತ ಜಗಳಾ ತಗದೇ ಬರಿಯೋಣ ಅಂತ ಕೂತೇನಿ. ಮೊದಲನೇ ಕಾರು ಅಂದ್ರ ಹೊಸಾದ ಇರಬೇಕು, ಶೋರೂಮಿನಾಗ ಫೋಟೋ ತಗಸ್ಕೊಂಡ ಬರಬೇಕು, ಗುಡಿ ಮುಂದ ನಾಲ್ಕೂ ಗಾಲಿ ಕೆಳಗ ಲಿಂಬಿಹಣ್ಣ ಇಡಬೇಕು, ಓಣಿಗೆಲ್ಲಾ ಪೇಡೆ ಹಂಚಬೇಕು ಅನ್ನೋದನ್ನ ನಾವೆಲ್ಲಾ ಕೇಳಲಾರ್ದ, ಹೇಳಲಾರ್ದ ಒಪ್ಕೊಂಡ ಬಿಟ್ಟೇವಿ. ನಾ ಹೇಳೋದು ಅದಕ್ಕ ಅಗದೀ ಉಲ್ಟಾ. ಗಾಡಿ ಕಲಿಯೋ ಹೆಣ್ಮಗಳಿಗೆ ಮೊದಲನೇ ಕಾರು ಹಳೇದ ಇರಬೇಕು. ರೊಕ್ಕ ಇಲ್ಲಾ ಅಂತಲ್ಲ. ರೊಕ್ಕ ಇದ್ರೂ ಹಳೇದ ಇರಬೇಕು.

ಹೊಸಾ ಕಾರು ಬಂದ ಮನ್ಯಾಗ ಏನ ನಡೀತದ ನೀವ ನೋಡೀರಿ. ಸೀಟಿನ ಪ್ಲಾಸ್ಟಿಕ್ ಆರ ತಿಂಗಳ ತಗಿಯಂಗಿಲ್ಲ. ಬಿಸಲಿಗೆ ಬಣ್ಣ ಹೋದೀತು ಅಂತ ಮ್ಯಾಲೆ ಒಂದ ಕವರು, ಬೆಕ್ಕು ಹತ್ತೀತು ಅಂತ ಆ ಕವರಿಗೆ ಒಂದ ಹಗ್ಗ. ಮನಿ ಸೊಸಿ "ನಾನೂ ಒಂದ ಸುತ್ತ ಹೊಡಿಲೇನು" ಅಂದ್ರ ಮಾವನವರ ಮಾರಿ ಸಣ್ಣಾಗ್ತದ. ಗಂಡಾ ಅನ್ನಾಂವ "ಇನ್ನೂ ಹೊಸಾದ ಅದಲ, ಸ್ವಲ್ಪ ಹಳೇದಾಗ್ಲಿ, ಆಮ್ಯಾಲೆ ಕಲಿಯುವಂತಿ" ಅಂತಾನ. ಅಂವಾ ಕೆಟ್ಟಾಂವ ಅಲ್ಲ ಪಾಪ. ತಿಂಗಳಾ ತಿಂಗಳಾ ಕಂತು ಕಟ್ಟಾಂವಾ ಅಂವನ, ಒಂದ ಗೀರು ಬಿದ್ರ ಹೊಟ್ಟಿ ಉರಿಯೋದೂ ಅಂವಂದ. ಆದ್ರ ಮಾತು ಹಿಡೀರಿ: ಸ್ವಲ್ಪ ಹಳೇದಾಗ್ಲಿ. ಅಂದ್ರ ಹೆಣ್ಮಗಳು ಕಲೀಬೇಕಂದ್ರ ಹಳೇ ಕಾರ ಬೇಕು ಅಂತ ಅವರ ಒಪ್ಪಿದ್ಹಂಗಾತು. ಹಂಗಿದ್ರ ಐದ ವರ್ಷ ಯಾಕ ಕಾಯಬೇಕು? ಮೊದಲ ಹಳೇದನ್ನ ತಂದ್ರಾತಲ್ಲ.

ಡ್ರೈವಿಂಗ್ ಕ್ಲಾಸಿಗೆ ಹೋಗೇವಲ್ಲ ಅಂತೀರಿ. ಹೋಗೀರಿ, ಖರೇ. ಅಲ್ಲಿ ಬಾಜೂಕ ಕೂತಾಂವನ ಕಾಲ ಕೆಳಗೂ ಒಂದ ಬ್ರೇಕ್ ಇರ್ತದ. ನೀವು ನಡಸೋದು ಅರ್ಧಾ, ಅಂವಾ ನಡಸೋದು ಅರ್ಧಾ. ಲರ್ನರ್ಸ್ ಆರ ತಿಂಗಳಿಗೆ ಇರ್ತದ, 30 ದಿನಾ ಆದ ಮ್ಯಾಲೆ ಪರೀಕ್ಷಾ ಕೊಟ್ಟು ಲೈಸನ್ಸ್ ತಗೋತೀರಿ. ಆಮ್ಯಾಲೆ ಕೈಗೆ ಗಾಡಿ ಸಿಗಂಗಿಲ್ಲ. ಮೂವತ್ತು ದಾಟಿದ ಮ್ಯಾಲೆ ತಗೊಂಡ್ರ ಈಗಿನ ಕಾಯ್ದೆ ಪ್ರಕಾರ ಲೈಸನ್ಸ್ 10 ವರ್ಷಕ್ಕ ಬರ್ತದ. ಆ ಹತ್ತೂ ವರ್ಷ ಅದು ಕಪಾಟಿನಾಗ, ರೇಷ್ಮಿ ಸೀರಿ ನಡುವ, ನುಸಿಗುಳಿಗಿ ಬಾಜೂಕ ಬೆಚ್ಚಗ ಮಲಗಿರ್ತದ. ಸ್ಟೇರಿಂಗ್ ಮುಟ್ಟಲಾರ್ದ ಲೈಸನ್ಸ್ ರಿನೀವಲ್ ಮಾಡಿಸ್ಕೊಂಡ ಅಕ್ಕಂದಿರು ನಮ್ಮ ಬಳಗದಾಗ ಮೂರ ಮಂದಿ ಇದ್ದಾರ. ಹೆಸರು ಹೇಳಂಗಿಲ್ಲ, ಓದ್ತಾ ನಗ್ಲಿಕ್ಕತ್ತೀರಿ ಅಂತ ಗೊತ್ತು.

ನಾವು ರೊಟ್ಟಿ ಬಡೀಲಿಕ್ಕೆ ಕಲ್ತಿದ್ದು ಹೆಂಗ ಅಂತ ನೆನಪು ಮಾಡ್ಕೋರಿ. ಬೀಗರು ಬಂದ ದಿನಾ ಯಾರೂ ಹುಡುಗಿ ಕೈಯಾಗ ಹಿಟ್ಟು ಕೊಡಂಗಿಲ್ಲ. ಕಡೀಕ ಉಳದ ಹಿಟ್ಟು, ಆರ್ಲಿಕ್ಕೆ ಬಂದ ಒಲಿ, ಅಂಚು ಮುಕ್ಕಾದ ಹಂಚು. ಮೊದಲನೇದು ಹರೀತದ, ಎರಡನೇದು ಭಾರತದ ನಕಾಶಿ ಆಗ್ತದ. ಯಾರೂ ಬೈಯಂಗಿಲ್ಲ, ಯಾಕಂದ್ರ ಹೋದದ್ದು ಒಂದ ಹಿಡಿ ಜ್ವಾಳದ ಹಿಟ್ಟು. ಹಂಗಾಗೇ ಕೈ ಕೂಡ್ತು. ಒಂಬತ್ತ ಲಕ್ಷದ ಹಿಟ್ಟು ಮುಂದಿಟ್ಟು "ಹುಷಾರು, ಹರೀಬ್ಯಾಡ" ಅಂತ ತಲಿ ಮ್ಯಾಲೆ ನಿಂತಿದ್ರ ನಮ್ಮೊಳಗ ಒಬ್ಬಾಕಿಗೂ ರೊಟ್ಟಿ ಬರ್ತಿದ್ದಿಲ್ಲ.

ಈಗ ಆ ಒಂಬತ್ತ ಲಕ್ಷದ ಲೆಕ್ಕಾ ನೋಡೋಣ. ಶೋರೂಮಿನ ಬೆಲಿ ಏಳೂವರಿ ಲಕ್ಷ ಅಂತ ಹಿಡೀರಿ. ಕರ್ನಾಟಕದಾಗ 5ರಿಂದ 10 ಲಕ್ಷದೊಳಗಿನ ಕಾರಿಗೆ ಜೀವಾವಧಿ ತೆರಿಗಿ 14%. ಅಂದ್ರ ಒಂದ ಲಕ್ಷ ಐದ ಸಾವಿರ, ಮ್ಯಾಲೆ ಸೆಸ್, ವಿಮಾ, ಅದು ಇದು ಕೂಡಿ ರಸ್ತಾಕ್ಕ ಇಳಿಯೋದ್ರಾಗ ಒಂಬತ್ತರ ಹತ್ರ ಹೋಗ್ತದ. ಎರಡು ಕೈಯಿಂದ ಕೊಟ್ಟು ಏಳ ಲಕ್ಷ ಸಾಲಾ ಮಾಡಿದ್ರಿ, ಬಡ್ಡಿ 9%, ಏಳ ವರ್ಷ. ತಿಂಗಳ ಕಂತು ಸುಮಾರು 11,260 ರೂಪಾಯಿ ಬರ್ತದ. 84 ಕಂತು ಮುಗಿಯೋದ್ರಾಗ ಬ್ಯಾಂಕಿಗೆ ಮುಟ್ಟಿದ್ದು ಒಂಬತ್ತ ಲಕ್ಷ 46 ಸಾವಿರದ ಹತ್ರ. ಎರಡೂವರಿ ಲಕ್ಷಕ್ಕ ಸ್ವಲ್ಪ ಕಡಿಮಿ ಬರೇ ಬಡ್ಡಿ. ಅಷ್ಟರಾಗ ನಾ ಹೇಳೋ ಹಳೇ ಗಾಡೀನ ಮನಿಗೆ ಬರ್ತದ.

ಇನ್ನ ಗಾಡಿ ಕಿಮ್ಮತ್ತು. ಇದು ನನ್ನ ಲೆಕ್ಕಾ ಅಲ್ಲ, ವಿಮಾದವರ ಪಟ್ಟಿ. ಗಾಡಿಗೆ ಒಂದ ವರ್ಷ ತುಂಬೋದ್ರಾಗ 15% ಕಳೀತಾರ, ಎರಡನೇ ವರ್ಷ 20, ಮೂರನೇ ವರ್ಷ 30, ನಾಲ್ಕನೇದ್ದಕ್ಕ 40, ಐದನೇದ್ದಕ್ಕ 50. ಐದ ವರ್ಷಕ್ಕ ಅರ್ಧಾ ಹೋತು, ನಿಮ್ಮ ಕಂತು ಇನ್ನೂ 24 ಬಾಕಿ ಅವ. ಆ ಅರ್ಧಾ ರೊಕ್ಕ ಯಾರದು ಹೋತು? ಮೊದಲನೇ ಮಾಲಕನದು. ಅಂವಾ ತೆರಿಗಿ ಕಟ್ಟ್ಯಾನ, ಹಾರ ಹಾಕಿಸ್ಯಾನ, ಪೇಡೆ ಹಂಚ್ಯಾನ, ಲುಕ್ಸಾನೂ ಮಾಡ್ಕೊಂಡಾನ. ಇದೇ ರಾಜ್ಯದ ಗಾಡಿ ಆಗಿದ್ರ ನೀವು ಎರಡನೇ ಸಲ ಜೀವಾವಧಿ ತೆರಿಗಿ ಕಟ್ಟೋದಿಲ್ಲ. ಅಂವಗ ಮನಸ್ಸಿನೊಳಗ ಒಂದ ನಮಸ್ಕಾರ ಹೇಳಿ ಗಾಡಿ ತಗೊಂಡ ಬರ್ರಿ.

"2025ರ ಸೆಪ್ಟೆಂಬರದಾಗ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕ ಇಳದದಲ್ರೀ, ಈಗೇನ ಹಳೇದ ತಗೋತೀರಿ" ಅಂತ ನಮ್ಮ ವೈನಿ ಮೊನ್ನೆ ಕೇಳಿದ್ರು. ಇಳದದ, ಛಲೋ ಆತು. ಹೊಸಾದರ ಬೆಲಿ ಇಳದ್ರ ಹಳೇದು ಮಾರೋರೂ ಮದಲಿನ ಬೆಲಿ ಕೇಳ್ಲಿಕ್ಕೆ ಬರಂಗಿಲ್ಲ, ಅದನ್ನ ಹಿಡದ ಚೌಕಾಸಿ ಮಾಡ್ರಿ. ಮತ್ತ ತೆರಿಗಿ ಇಳದ್ರೂ ಗೀರಿನ ಅಂಜಿಕಿ ಇಳದಿಲ್ಲ. ನನ್ನ ತಕರಾರು ಇರೋದು ಅಲ್ಲಿ.

"ಇನ್ನೊಬ್ಬರು ಬಳಸಿ ಬಿಟ್ಟಿದ್ದು, ಶುಭಾ ಅಲ್ಲ" ಅನ್ನೋ ಮಾತಿಗೆ ಉತ್ತರಾ ಕೊಡಬಾರದು ಅಂತಿದ್ದೆ, ಆದ್ರ ಇದನ್ನ ಹೇಳೋರೊಳಗ ನಮ್ಮವರ ಜಾಸ್ತಿ. ಅಜ್ಜಿ ಇಳಕಲ್ ಸೀರಿ ಉಟ್ಟು ಮದವಿಗೆ ಹೋಗ್ತೀವಿ. ಹಳೇ ಪಾಟ್ಲಿ ಕರಗಿಸಿ ಹೊಸಾ ಬಳಿ ಮಾಡಿಸ್ತೀವಿ, ಆ ಬಂಗಾರಾ ಎಷ್ಟ ಕೈ ದಾಟಿ ಬಂದದ ಅಂತ ಕೇಳೋದಿಲ್ಲ. ಬಾಡಗಿ ಮನ್ಯಾಗ ನಮ್ಮಕಿಂತ ಮದಲ ಎಷ್ಟ ಸಂಸಾರ ಇದ್ವು? ಹಾಲು ಉಕ್ಕಿಸಿ ಒಳಗ ಹೋಗ್ತೀವಿ, ಮುಗೀತು. ಕಾರಿಗೂ ಒಂದ ತೆಂಗಿನಕಾಯಿ ಒಡೀರಿ, ಲಿಂಬಿಹಣ್ಣೂ ಇಡ್ರಿ. ಗಾಡಿ ಹಳೇದು ಅಂತ ಲಿಂಬಿಹಣ್ಣು ಬ್ಯಾಡ ಅನ್ನಂಗಿಲ್ಲ.

ಎಲ್ಲಾಕಿಂತ ದೊಡ್ಡ ಅಂಜಿಕಿ ತೋರ್ಸೋದು "ನಡುದಾರ್ಯಾಗ ನಿಂತ್ರ ಏನ ಮಾಡ್ತಿ?" ಅಂತ. ಹೆಣ್ಮಕ್ಕಳಿಗೆ ಮಾತ್ರ ಕೇಳೋ ಪ್ರಶ್ನೆ ಇದು. ಗಂಡಸೂರ ಹಳೇ ಮೋಟರ್‌ಸೈಕಲ್ ಒದ್ದು ಒದ್ದು ಚಾಲೂ ಮಾಡ್ಕೊಂಡ ಹೋಗೋ ಮುಂದ ಯಾರೂ ಕೇಳಂಗಿಲ್ಲ. ನಿಂತ್ರ ಬಾಜೂಕ ಹಚ್ಚಿ, ನಾಲ್ಕೂ ದೀಪಾ ಮಿಣಮಿಣ ಮಾಡಿ, ಮಿಸ್ತ್ರಿಗೆ ಫೋನ್ ಮಾಡ್ತೀನಿ. ಹುಬ್ಬಳ್ಳಿ-ಧಾರವಾಡದ ನಡುವ ಅದು ದೊಡ್ಡ ಮಾತಲ್ಲ. ಮತ್ತ ಹಳೇ ಗಾಡಿ ಸುಮ್ನ ಸುಮ್ನ ನಿಂದ್ರಂಗಿಲ್ಲ. ನಿಂದ್ರೋದು ಬ್ಯಾಟರಿ ಸತ್ತಾಗ, ಕ್ಲಚ್ ಸವದಾಗ, ನೀರು ಸೋರಿ ಇಂಜಿನ್ ಕಾದಾಗ. ಇದಿಷ್ಟನ್ನೂ ತಗೊಳ್ಳೋ ಮುಂದ ನೋಡ್ಲಿಕ್ಕೆ ಬರ್ತದ. ಅದಕ್ಕ ನನ್ನ ರೂಢಿ ಏನಂದ್ರ, ಕೈಯಾಗ ಮೂರ ಲಕ್ಷ ಇದ್ರ ಎರಡೂವರಿದ ಗಾಡಿ ನೋಡೋದು, ಐವತ್ತ ಸಾವಿರ ತಗದ ಇಡೋದು. ಸಣ್ಣ ಗಾಡಿಗೆ ನಾಲ್ಕು ಟಾಯರ್, ಒಂದ ಬ್ಯಾಟರಿ, ಎಣ್ಣಿ, ಬೆಲ್ಟ್, ಬ್ರೇಕ್ ಪ್ಯಾಡ್, ಬೇಕಾದ್ರ ಕ್ಲಚ್ಚು, ಎಲ್ಲಾ ಮೊದಲನೇ ತಿಂಗಳ ಬದಲಿ ಮಾಡಿಸಿದ್ರೂ ಅಷ್ಟರಾಗ ಕೂಡ್ತದ. ಪೆಟ್ರೋಲಿನಾಗ ಈಗ 20% ಎಥೆನಾಲ್ ಬರ್ಲಿಕ್ಕತ್ತದ, ಹಳೇ ಗಾಡಿ ಅದಕ್ಕಂತ ಮಾಡಿದ್ದಲ್ಲ, ಮೈಲೇಜು ಸ್ವಲ್ಪ ಇಳೀತದ. ಇಂಧನದ ರಬ್ಬರ್ ಪೈಪು ಗಟ್ಟಿಯಾಗ್ಯಾವೇನು, ಬಿರಕು ಬಿಟ್ಟಾವೇನು ಅಂತ ಮಿಸ್ತ್ರಿಗೆ ಹೇಳಿ ನೋಡಿಸ್ರಿ. ಅದಕ್ಕೂ ಇದೇ ಐವತ್ತ ಸಾವಿರದಾಗ ಜಾಗಾ ಅದ.

ಒಂದ ವಿಷಯದಾಗ ಮಾತ್ರ ನಾ ಮುಲಾಜು ಇಟ್ಟಕೊಳ್ಳಂಗಿಲ್ಲ. ಹಳೇದ ಅಂದ್ರ ಎಂಥಾದ ಆದ್ರೂ ನಡೀತದ ಅಂತಲ್ಲ. ಮಾರುತಿ 800 ಮ್ಯಾಲೆ ಕಲ್ತವರು ನಮ್ಮ ಮೌಶಿಗಳೊಳಗ ಇದ್ದಾರ. 1983ರಿಂದ 2014ರ ತನಕಾ ಬಂದ ಗಾಡಿ ಅದು, ದೇಶಕ್ಕ ಕಾರು ಕಲಿಸಿದ್ದ ಅದು ಅನ್ರಿ ಬೇಕಾದ್ರ. ಪ್ರೀತಿ ಬ್ಯಾರೆ, ಏರ್‌ಬ್ಯಾಗ್ ಬ್ಯಾರೆ. ನಮ್ಮ ದೇಶದಾಗ 2019ರ ಏಪ್ರಿಲ್‌ನಿಂದ ಎಲ್ಲಾ ಹೊಸಾ ಕಾರಿಗೆ ಎಬಿಎಸ್ ಬ್ರೇಕ್ ಕಡ್ಡಾಯ ಆತು, 2019ರ ಜುಲೈ 1ರಿಂದ ಡ್ರೈವರ್ ಬದಿಗೆ ಏರ್‌ಬ್ಯಾಗ್, ಬೆಲ್ಟ್ ಹಾಕ್ದಿದ್ರ ಕುಂಯ್ ಕುಂಯ್ ಅನ್ನೋ ಗಂಟಿ, ಹಿಂದ ಸರಿಯೋ ಮುಂದ ಎಚ್ಚರಿಸೋ ಸೆನ್ಸರ್ ಎಲ್ಲಾ ಕಡ್ಡಾಯ ಆತು. ಅದಕ್ಕ ಒಂದೋ ಆ ತಾರೀಖಿನ ಈಚೆ ತಯಾರಾದ ಗಾಡಿ ನೋಡ್ರಿ, ಇಲ್ಲಾ ಅದಕ್ಕಿಂತ ಹಳೇದಾದ್ರ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಮತ್ತ ಎಬಿಎಸ್ ಇರೋ ಮ್ಯಾಲಿನ ಮಾಡೆಲ್ ನೋಡ್ರಿ. ಅವೆರಡೂ ಇಲ್ಲದ ಗಾಡಿ ನಿಮ್ಮಣ್ಣ ಪುಕ್ಕಟ ಕೊಟ್ರೂ ಬ್ಯಾಡ. ಚಾವಿ ಒಂದ ಸುತ್ತ ತಿರುವಿದ ಕೂಡ್ಲೆ ಏರ್‌ಬ್ಯಾಗಿನ ದೀಪಾ, ಎಬಿಎಸ್ ದೀಪಾ ಹತ್ತಬೇಕು, ಸ್ವಲ್ಪ ಹೊತ್ತಿಗೆ ಆರಬೇಕು. ಆರಲೇ ಇಲ್ಲ ಅಂದ್ರ ದೋಷ ಅದ. ಹತ್ತಲೇ ಇಲ್ಲ ಅಂದ್ರ ಯಾರೋ ದೋಷ ಮುಚ್ಲಿಕ್ಕೆ ದೀಪಾನ ಕಿತ್ತಾರ, ಅದು ಇನ್ನೂ ಕೆಟ್ಟದ್ದು.

ವಯಸ್ಸಿನ ಆ ಕಡೆ ಗಡಿ ಅಂದ್ರ ನಾ ಹತ್ತ ವರ್ಷ ಅಂತೀನಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕ ಇರ್ತದ. ಆಮ್ಯಾಲೆ ಫಿಟ್ನೆಸ್ ಮಾಡಿಸಿ ಐದೈದ ವರ್ಷಕ್ಕ ಮುಂದೂಡಬೇಕು, 2022ರ ಏಪ್ರಿಲ್‌ನಿಂದ ಆ ಶುಲ್ಕ 600ರಿಂದ 5,000ಕ್ಕ ಏರೇದ. ದಿಲ್ಲಿ ಕಡೆ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅಂತ ಗದ್ದಲ ಕೇಳಿರ್ತೀರಿ, ಅದು ಆ ಭಾಗದ ಮಾತು, ನಮ್ಮಲ್ಲಿ ಹಂಗಿಲ್ಲ. ಆದ್ರೂ ಹದಿಮೂರು, ಹದಿನಾಲ್ಕು ವರ್ಷದ್ದು ತಗೊಂಡ್ರ ಕಲಿಯೋದ್ರಾಗ ಆರ್‌ಟಿಓ ಕಚೇರಿಗೆ ಓಡಾಟ ಶುರು ಆಗ್ತದ. ಅದೊಂದ ಬ್ಯಾನಿ ಯಾಕ ಬೇಕು.

ಇನ್ನ ನೋಡೋದು ಹೆಂಗ. ಸಂತ್ಯಾಗ ಬದನಿಕಾಯಿ ತಿರುವಿ ತಿರುವಿ, ತೊಟ್ಟು ನೋಡಿ, ಹುಳಾ ಹತ್ತಿದ ತೂತು ನೋಡಿ ಆರಿಸೋ ನಮಗ ಇದು ಬರಂಗಿಲ್ಲ ಅಂತ ಯಾರು ಹೇಳ್ಯಾರೋ ಏನೋ. ಗಂಡಸೂರು ಕಾರು ನೋಡ್ಲಿಕ್ಕೆ ಹೋದ್ರ ಗಾಲಿಗೆ ಎರಡ ಸಲ ಕಾಲಿಂದ ಒದ್ದು, "ಗಾಡಿ ಗಟ್ಟಿ ಅದ" ಅಂತಾರ. ನಾವು ಹಂಗಲ್ಲ.

ಬೆಳಿಗ್ಗೆ ಹೋಗ್ರಿ, ಹೇಳಲಾರ್ದ ಸ್ವಲ್ಪ ಮದಲ ಹೋಗ್ರಿ. ಬಾನೆಟ್ ಮ್ಯಾಲೆ ಕೈ ಇಟ್ಟ ನೋಡ್ರಿ. ಬೆಚ್ಚಗಿತ್ತಂದ್ರ ನೀವು ಬರೋದ್ರಾಗ ಅದನ್ನ ಚಾಲೂ ಮಾಡಿ ಇಟ್ಟಾರ, ತಣ್ಣಗಿದ್ದಾಗ ಚಾಲೂ ಆಗ್ಲಿಕ್ಕೆ ತಕರಾರು ಇರಬಹುದು. ಚಾಲೂ ಮಾಡಿದಾಗ ಹಿಂದ ಒಬ್ಬರನ್ನ ನಿಂದ್ರಿಸ್ರಿ. ನೀಲಿ ಹೊಗಿ ಬಂದ್ರ ಎಣ್ಣಿ ಸುಡ್ಲಿಕ್ಕತ್ತದ. ಬೆಳ್ಳನ ಹೊಗಿ ಬಿಸಿಯಾದ ಮ್ಯಾಲೂ ನಿಂದ್ರದ ಬರ್ತಿದ್ರ ಇಂಜಿನ್ನಿನೊಳಗ ನೀರು ಹೊಕ್ಕದ. ಎಣ್ಣಿ ಹಾಕೋ ಮುಚ್ಚಳ ತಗದ ನೋಡ್ರಿ, ಒಳಗ ಮಜ್ಜಗಿ ನೊರಿ ಹಂಗ ಕೆನಿ ಕಟ್ಟಿದ್ರ ಅಲ್ಲಿಂದ ಹಂಗ ಹೊಳ್ಳಿ ಬರ್ರಿ, ಚಹಾನೂ ಕುಡೀಬ್ಯಾಡ್ರಿ.

ಟಾಯರಿನ ಪಕ್ಕದಾಗ ನಾಲ್ಕ ಅಂಕಿ ಒಂದ ಸಣ್ಣ ಚೌಕಟ್ಟಿನಾಗ ಒತ್ತಿರ್ತಾರ. 2319 ಅಂತಿದ್ರ 2019ರ 23ನೇ ವಾರ ತಯಾರಾದದ್ದು. ಹಲ್ಲು ಛಲೋ ಕಂಡ್ರೂ ಆರೇಳ ವರ್ಷದ ರಬ್ಬರ್ ನಂಬಬಾರದು, ಆ ನಾಲ್ಕು ಟಾಯರಿನ ರೊಕ್ಕ ಬೆಲಿಯೊಳಗ ಕಡೀರಿ. ಹತ್ತ ವರ್ಷದ ಗಾಡಿ ಬರೇ 28,000 ಕಿಲೋಮೀಟರ್ ಓಡೇದ ಅಂತ ತೋರಿಸ್ತದೇನು? ಬ್ರೇಕಿನ ಪೆಡಲ್ ರಬ್ಬರ್ ನೋಡ್ರಿ, ಡ್ರೈವರ್ ಸೀಟಿನ ಅಂಚು ನೋಡ್ರಿ, ಸ್ಟೇರಿಂಗ್ ಹೊಳಿಲಿಕ್ಕತ್ತದೇನು ನೋಡ್ರಿ. ಮೀಟರ್ ತಿರುವಬಹುದು, ಕಾಲಿನ ಸವಕಳಿ ತಿರುವಲಿಕ್ಕೆ ಬರಂಗಿಲ್ಲ. ಕಂಪನಿ ಸರ್ವಿಸ್ ಮಾಡಿಸಿದ್ದ ಚೀಟಿ ಕೇಳ್ರಿ, ಅದರಾಗ ಪ್ರತಿ ಸಲದ ಕಿಲೋಮೀಟರ್ ಬರದಿರ್ತಾರ.

ನಮ್ಮ ಕಡೆ ಎರಡು ಜಾತಿ ಗಾಡಿಗೆ ವಿಶೇಷ ಹುಷಾರು ಬೇಕು. ಒಂದು ನೀರಿನಾಗ ಮುಳಗಿದ್ದು. 2019ರ ಆಗಸ್ಟಿನಾಗ ಹೊಳಿ ಬಂದು ಬೆಳಗಾವಿ, ಬಾಗಲಕೋಟಿ, ಆ ಕಡೆ ಸಾಂಗ್ಲಿ, ಕೊಲ್ಹಾಪುರದಾಗ ಏನಾತು ಅಂತ ನಾವು ಮರತಿಲ್ಲ. ಮುಳಗಿದ ಗಾಡಿ ಒಣಗಿಸಿ, ಒಳಗ ಅತ್ತರ ಹೊಡದು ಮಾರೋರು ಇರ್ತಾರ. ಸೀಟ್ ಬೆಲ್ಟ್ ಕಡೀತನಕಾ ಎಳೀರಿ, ಕೆಳಗಿನ ತುದಿಗೆ ಕೆಸರಿನ ಗೆರಿ ಇದ್ರ ಗೊತ್ತಾಗ್ತದ. ನೆಲದ ಚಾಪಿ ಎತ್ತಿ ಮೂಸ್ರಿ, ಮಳಿಗಾಲದಾಗ ಒಣಗದ ಅರಬಿ ವಾಸನಿ ನಮಗಿಂತ ಚಂದಾಗಿ ಯಾರಿಗೆ ಗೊತ್ತು. ಇನ್ನೊಂದು ಸಮುದ್ರದ ದಂಡಿದು. ಕಾರವಾರ, ಗೋವಾದಾಗ ವರ್ಷಗಟ್ಲೆ ಇದ್ದ ಗಾಡಿ ಮ್ಯಾಲೆ ಮಿರಿಮಿರಿ, ಕೆಳಗ ಜಂಗು. ಬಗ್ಗಿ ನೋಡ್ರಿ, ಬಾಗಲದ ಕೆಳಗಿನ ಅಂಚಿಗೆ ಬಟ್ಟು ಆಡಿಸ್ರಿ. ಹೊರ ರಾಜ್ಯದ ನಂಬರ್ ಇದ್ರ ಅಲ್ಲಿಂದ ಎನ್‌ಓಸಿ ತಂದು ಇಲ್ಲಿ ತೆರಿಗಿ ಮತ್ತ ಕಟ್ಟಬೇಕು, ಸಸ್ತಾ ಅಂತ ಹೋದದ್ದು ಸಸ್ತಾ ಉಳಿಯಂಗಿಲ್ಲ. ಕೆಎ-25, ಕೆಎ-63 ನಂಬರಿನ ಗಾಡೀನ ಹುಡುಕ್ರಿ, ಅದರ ಮಾಲಕರನ್ನ ಬಲ್ಲೋರು ಯಾರರೆ ಒಬ್ಬರು ಸಿಕ್ಕೇ ಸಿಗ್ತಾರ. ನಮ್ಮ ಬಳಗದಾಗ ಸುದ್ದಿ ಹತ್ತೋದು ಎಷ್ಟ ಹೊತ್ತಿನ ಮಾತು.

ಇನ್ನೊಂದ ಉಪಾಯ ಯಾರೂ ಹೇಳಂಗಿಲ್ಲ. ವಿಮಾದ ಹಳೇ ಪಾಲಿಸಿ ಕೇಳಿ ಇಸ್ಕೊಂಡು, "ನೋ ಕ್ಲೇಮ್ ಬೋನಸ್" ಎಷ್ಟ ಅದ ನೋಡ್ರಿ. 50% ಇದ್ರ ಆ ಮಾಲಕ ಐದ ವರ್ಷ ಸತತ ಅಪಘಾತದ ರೊಕ್ಕ ಕೇಳಿಲ್ಲ ಅಂತರ್ಥ. ಸೊನ್ನಿ ಇದ್ರ, ಯಾಕ್ರೀ ಅಂತ ಬಾಯಿ ಬಿಟ್ಟು ಕೇಳ್ರಿ. ಆ ಬೋನಸ್ ನಿಮಗ ಬರಂಗಿಲ್ಲ, ಅದು ಅವರ ಸಂಗಡ ಹೋಗ್ತದ, ಆದ್ರ ಗಾಡಿ ಜಾತಕಾ ಅದರಾಗ ಅದ.

ಮಿಸ್ತ್ರಿನ ಕರಕೊಂಡ ಹೋಗ್ರಿ, ಅಂವನ ಅರ್ಧಾ ದಿನದ ಕೂಲಿ ಕೊಡ್ರಿ. ಮಾರೋರು ತೋರಿಸಿದ ಮಿಸ್ತ್ರಿ ಅಲ್ಲ, ನಿಮ್ಮಾಂವ. ಆದ್ರ ಗಾಡಿ ನಡಸಿ ನೋಡೋದು ಮಿಸ್ತ್ರಿ ಅಲ್ಲ, ಮೈದುನಾ ಅಲ್ಲ, ಭಾವನವರೂ ಅಲ್ಲ. ನೀವು. ಲೈಸನ್ಸ್ ಪರ್ಸಿನಾಗ ಇಟಗೊಂಡ ಹೋಗ್ರಿ. ಸೀಟಿನ್ಯಾಗ ಕೂತು ಕ್ಲಚ್ ಪೂರಾ ಒತ್ರಿ. ಕಾಲು ಮುಟ್ಟತದೇನು? ಬಾನೆಟ್ ತುದಿ ಕಾಣಸ್ತದೇನು? ಸೀಟು ಎತ್ತರಾ ಮಾಡ್ಲಿಕ್ಕೆ ಬರ್ತದೇನು? ಹಳೇ ಕೆಳಗಿನ ಮಾಡೆಲ್ಲಿಗೆ ಪವರ್ ಸ್ಟೇರಿಂಗ್ ಇರಂಗಿಲ್ಲ, ನಿಂತಲ್ಲೇ ತಿರುವಿ ನೋಡ್ರಿ, ರೊಟ್ಟಿ ಬಡದ ಕೈ ಅಂತ ಜಂಬ ಮಾಡಬ್ಯಾಡ್ರಿ, ದಿನಾ ತಿರುವೋದು ನೀವ. ಆರಡಿ ಗಂಡಸೂರು ತಮಗ ಕೂಡೋ ಗಾಡಿ ಆರಿಸಿ, ಐದಡಿ ಹೆಂಡತಿ ಬೆನ್ನಿಗೆ ಎರಡು ದಿಂಬು ಇಟ್ಟು "ಈಗ ನಡಸು" ಅಂದ್ರ ಅಕಿಗೆ ಅಂಜಿಕಿ ಬರ್ಲಾರ್ದ ಏನು? ಎಷ್ಟೋ ಹೆಣ್ಮಕ್ಕಳು ಕಾರು ಬಿಟ್ಟದ್ದು ಧೈರ್ಯ ಇಲ್ಲಾ ಅಂತಲ್ಲ, ಕಾಲು ಮುಟ್ಟಲಿಲ್ಲಾ ಅಂತ. (ಆಟೋಮ್ಯಾಟಿಕ್ ಹಳೇದು ತಗೋಬ್ಯಾಡ್ರಿ. ಹೊಸಾದಿದ್ದಾಗ ಸುಖ, ಹಳೇದಾದ ಮ್ಯಾಲೆ ಕೆಟ್ರ ಒಂದ ರಿಪೇರಿ ನಿಮ್ಮ ಐವತ್ತ ಸಾವಿರ ಪೂರಾ ನುಂಗಬಹುದು. ಗೇರಿನ ಗಾಡೀನ ಕಲೀರಿ.)

ಕಾಗದದ ಕೆಲಸದಾಗ ಎಲ್ಲಾರೂ ಎಡವ್ತಾರ. ನಮ್ಮ ಬಳಗದಾಗ ಒಬ್ಬರಿಗೆ ಏಜಂಟ ಪೂರಾ ರೊಕ್ಕ ಇಸ್ಕೊಂಡು, "ಹೆಸರು ಬದಲಿ ಆಮ್ಯಾಲೆ ಮಾಡಿಸಿ ಕೊಡ್ತೀನಿ ಅಕ್ಕಾರ" ಅಂತ ನಾಲ್ಕ ತಿಂಗಳ ತಿರಗಾಡಿಸಿದಾ. ಅಷ್ಟೂ ದಿನಾ ಗಾಡಿ ಇವರ ಮನಿ ಮುಂದ, ಹೆಸರು ಯಾರದೋ. ಅದಕ್ಕ ಆರ್‌ಸಿ ನಿಮ್ಮ ಹೆಸರಿಗೆ ಆಗೋತನಕಾ ಸ್ವಲ್ಪ ರೊಕ್ಕ ಕೈಯಾಗ ಹಿಡೀರಿ, ಹಂಗಂತ ಒಂದ ಹಾಳಿ ಮ್ಯಾಲೆ ಬರಿಸ್ಕೋರಿ. ಫಾರಂ 29, ಫಾರಂ 30 ಎರಡಕ್ಕೂ ಸಹಿ ಆಗಬೇಕು. ಮಾರಿದಾಂವ 14 ದಿನದಾಗ ಆರ್‌ಟಿಓಕ್ಕ ತಿಳಿಸಬೇಕು, ನೀವು ವಿಮಾ ನಿಮ್ಮ ಹೆಸರಿಗೆ ಮಾಡಿಸ್ಲಿಕ್ಕೂ 14 ದಿನಾನ. ಗಾಡಿ ಮ್ಯಾಲೆ ಸಾಲಾ ಇತ್ತಂದ್ರ ಆರ್‌ಸಿ ಮ್ಯಾಲೆ ಬ್ಯಾಂಕಿನ ಹೆಸರು ಇರ್ತದ, ಅದು ತೀರೇದ ಅನ್ನೋ ಪತ್ರ ಮತ್ತ ಫಾರಂ 35 ಇಲ್ಲದ ಒಂದ ರೂಪಾಯಿನೂ ಕೊಡಬ್ಯಾಡ್ರಿ. ಪರಿವಾಹನ್ ತಾಣದಾಗ ನಂಬರ್ ಹಾಕಿ ದಂಡಾ ಬಾಕಿ ಅದವೇನು, ವಿಮಾ ಚಾಲ್ತಿ ಅದ ಏನು ಕೂತಲ್ಲೇ ನೋಡ್ಲಿಕ್ಕೆ ಬರ್ತದ. ಹಳೇ ಫಾಸ್ಟ್ಯಾಗ್ ಅವರಿಂದ ಬಂದ್ ಮಾಡಿಸಿ ನೀವು ನಿಮ್ಮದು ಹಚ್ಚಕೋರಿ, ಎಚ್‌ಎಸ್‌ಆರ್‌ಪಿ ಫಲಕ ಹಾಕ್ಯಾರೇನು ಅದನ್ನೂ ನೋಡ್ರಿ.

ಈಗ "ನಿಮ್ಮ ಹೆಸರಿಗೆ" ಅಂತ ಬರದೆ ನೋಡ್ರಿ, ಅದನ್ನ ಕೈ ತಪ್ಪಿ ಬರದಿಲ್ಲ. ಬಿಸಿ ದಿನದಾಗ ಸೆಂಡಿಗಿ ಒಣಗಿಸಿ ಮಾರಿದ ರೊಕ್ಕ, ಟ್ಯೂಷನ್ ಹೇಳಿದ ರೊಕ್ಕ, ಭೀಶಿ ಎತ್ತಿದ ರೊಕ್ಕ, ತವರವರು ಕೊಟ್ಟದ್ದು, ಅದೆಲ್ಲಾ ಹೊಸಾ ಕಾರಿನ ಎರಡ ಲಕ್ಷದ ಮುಂಗಡದಾಗ ಕರಗಿ ಹೋಗ್ತದ, ಆರ್‌ಸಿ ಮ್ಯಾಲೆ ಹೆಸರು ಸಾಲಾ ತಗೊಂಡಾಂವಂದ ಬರ್ತದ. ಯಾಕಂದ್ರ ಪಗಾರದ ಚೀಟಿ ಇರೋದು ಅಂವಂದು. ಅದೇ ರೊಕ್ಕದಾಗ ಹಳೇ ಗಾಡಿ ಪೂರಾ ಬರ್ತದ. ಸಾಲಾ ಇಲ್ಲ, ಬ್ಯಾಂಕಿನ ಹೆಸರಿಲ್ಲ, ಪಗಾರದ ಚೀಟಿ ಯಾರೂ ಕೇಳಂಗಿಲ್ಲ. ಆರ್‌ಸಿ ಮ್ಯಾಲೆ ನಿಮ್ಮ ಹೆಸರು, ಚಾವಿ ನಿಮ್ಮ ಪರ್ಸಿನಾಗ. ಮನ್ಯಾಗ ಯಾರಿಗೆ ಬೇಕಾದ್ರೂ ಅವರು "ಸ್ವಲ್ಪ ಗಾಡಿ ತಗೊಂಡ ಹೋಗ್ಲೇನು" ಅಂತ ನಿಮ್ಮನ್ನ ಕೇಳಬೇಕು. ಕೇಳಿದಾಗ ಕೊಡ್ರಿ, ಬ್ಯಾಡ ಅನ್ನಬ್ಯಾಡ್ರಿ. ಪೆಟ್ರೋಲ್ ತುಂಬಿಸಿ ತರ್ಲಿಕ್ಕೆ ಹೇಳ್ರಿ ಅಷ್ಟ.

ಮೊದಲನೇ ಹದಿನೈದ ದಿನಾ ಬೆಳಿಗ್ಗೆ ಆರಕ್ಕ ಹೊಂಡ್ರಿ, ರಸ್ತಾ ಖಾಲಿ ಇರ್ತದ. ಚಿಗರಿ ಬಸ್ಸಿನ ಬಾಜೂಕ ಹೋಗೋ ಧೈರ್ಯ ಎರಡನೇ ತಿಂಗಳಿಗೆ ಬರ್ತದ, ಅವಸರ ಇಲ್ಲ. ಗೇಟಿನ ಕಂಬಕ್ಕ ಒಮ್ಮೆ ತಿಕ್ಕೇ ತಿಕ್ತೀರಿ. ಹಳೇ ಗಾಡಿಗೆ ಆಗ್ಲೇ ನಾಲ್ಕ ಗೀರು ಇದ್ದಾವ, ಐದನೇದು ಯಾವದು ಅಂತ ಸಂಜೀಕ ಮನಿಗೆ ಬಂದವರಿಗೆ ಗೊತ್ತೂ ಆಗಂಗಿಲ್ಲ. ಒಂದ ವರ್ಷ ಹಿಂಗ ನಡಸಿ, ಅರಬೈಲ್ ಘಟ್ಟ ಇಳದು ಗೋಕರ್ಣಕ್ಕ ಹೋಗಿ ಬಂದ ಮ್ಯಾಲೆ ಹೊಸಾದ ಬೇಕು ಅನಿಸಿದ್ರ ತಗೋರಿ, ನಾ ಬ್ಯಾಡ ಅನ್ನಂಗಿಲ್ಲ. ಆವಾಗ ಶೋರೂಮಿನಾಗ ಯಾರೂ ನಿಮಗ ಬಣ್ಣ ಯಾವುದು ಬೇಕು ಅಂತಷ್ಟ ಕೇಳಿ ಉಳದದ್ದನ್ನ ನಿಮ್ಮ ಮನಿಯವರ ಕಡೆ ತಿರುಗಿ ಮಾತಾಡ್ಲಿಕ್ಕೆ ಆಗಂಗಿಲ್ಲ.

ಈ ರವಿವಾರ ನಮ್ಮ ಸಣ್ಣ ಮೌಶಿ ನವನಗರದಾಗ ಒಂದ ಗಾಡಿ ನೋಡ್ಲಿಕ್ಕೆ ಹೊಂಟಾರ. 2019ರ ಅಕ್ಟೋಬರಿಂದು, ಒಬ್ಬರ ಕೈಯಾಗ ಇದ್ದದ್ದು, ಮಾಲಕರು ರಿಟೈರ್ ಆದ ಮಾಸ್ತರರು. ಎಂಟಕ್ಕ ಬರ್ತೀವಿ ಅಂತ ಹೇಳೇವಿ, ಏಳೂ ಮುಕ್ಕಾಲಕ್ಕ ಹೋಗ್ತೀವಿ. ಮಿಸ್ತ್ರಿ ನೇರ ಅಲ್ಲಿಗೆ ಬರ್ತಾನ. ನನ್ನ ಗಾಡ್ಯಾಗ ಹಿಂದಿನ ಸೀಟು ಖಾಲಿ ಅದ, ನೋಡೋದು ಹೆಂಗ ಅಂತ ಕಲಿಯೋರು ಯಾರರೆ ಇದ್ರ ಶನಿವಾರ ರಾತ್ರಿಯೊಳಗ ಹೇಳ್ರಿ.